ರೈಲು ತಂತಿಯ ರಬ್ಬರ್ ಬಿಲ್ಲೆ: ಅದರ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಯಾಕೆ, ಹೇಗೆ?

ಡೊಂಬಿವಲಿಯಲ್ಲೋ ಠಾಣೆಯಲ್ಲೋ ಲೋಕಲ್‌ಗೆ ಕಾಯುತ್ತಾ ನಿಂತಾಗ ಒಮ್ಮೆ ಮೇಲೆ ನೋಡಿ. ಕರೆಂಟಿನ ತಂತಿಯನ್ನು ಕಂಬಕ್ಕೆ ಹಿಡಿದಿಟ್ಟ ಕಡೆ ಸಾಲಾಗಿ ಪೋಣಿಸಿದಂಥ ಬಿಲ್ಲೆಗಳು ಕಾಣುತ್ತವೆ. ಕೆಲವು ಕಂದು ಬಣ್ಣದವು, ಹೊಳೆಯುತ್ತವೆ. ಅವು ಪಿಂಗಾಣಿ. ಇನ್ನು ಕೆಲವು ಬೂದು ಬಣ್ಣದವು, ತೆಳ್ಳಗಿವೆ, ಹೊಳಪಿಲ್ಲ. ಅವು ಸಿಲಿಕೋನ್ ರಬ್ಬರಿನವು. ಎರಡರ ಕೆಲಸವೂ ಒಂದೇ. ತಂತಿಯಲ್ಲಿರುವ ಕರೆಂಟ್ ಕಂಬಕ್ಕೆ ಇಳಿಯದಂತೆ ತಡೆಯುವುದು. ಇವನ್ನು ಇನ್ಸುಲೇಟರ್ ಅನ್ನುತ್ತಾರೆ.

ಮುಂಬೈಯಲ್ಲಿ 1925ರಲ್ಲಿ ಮೊದಲ ವಿದ್ಯುತ್ ರೈಲು ಓಡಿದ್ದು 1,500 ವೋಲ್ಟ್ ಡಿಸಿಯಲ್ಲಿ. 2016ರ ಹೊತ್ತಿಗೆ ಇಲ್ಲಿನ ಲೋಕಲ್ ಲೈನ್‌ಗಳೆಲ್ಲ 25,000 ವೋಲ್ಟ್ ಎಸಿಗೆ ಬದಲಾದವು. ನಾವು ಊರಿಗೆ ಹೋಗುವ ಕೊಂಕಣ ರೈಲ್ವೆಯ ಹಾದಿಗೂ 2022ರಲ್ಲಿ ಪೂರ್ತಿ ವಿದ್ಯುತ್ ಬಂತು. ವೋಲ್ಟ್ ಜಾಸ್ತಿಯಾದಷ್ಟೂ ಈ ಬಿಲ್ಲೆಗಳ ಹೊಣೆ ಜಾಸ್ತಿ. ಅದರಲ್ಲೂ ಕಡಲ ಪಕ್ಕದಲ್ಲಿ.

ಇನ್ನೊಂದು ಕಡೆ, ಪವಾಯಿಯ ಐಐಟಿ, ಮಾಟುಂಗಾದ ಐಸಿಟಿ, ಪುಣೆಯ ಎನ್‌ಸಿಎಲ್ ಥರದ ಜಾಗಗಳಲ್ಲಿ ಓದುವ ನಮ್ಮ ಮಕ್ಕಳ ಬಾಯಲ್ಲಿ ‘ನ್ಯಾನೊಕಾಂಪೊಸಿಟ್’, ‘ಸೆಮ್’, ‘ಎಎಫ್‌ಎಂ’ ಅನ್ನುವ ಮಾತು ಕೇಳುತ್ತಿರುತ್ತದೆ. ಮೊಬೈಲಿನಲ್ಲಿ ಒಂದು ಕಪ್ಪು ಬಿಳುಪು ಚಿತ್ರ ತೋರಿಸುತ್ತಾರೆ. ಚಂದ್ರನ ಮೇಲಿನ ಗುಂಡಿಗಳೋ, ಒಣಗಿದ ಕೆರೆಯೋ ಗೊತ್ತಾಗುವುದಿಲ್ಲ. ಆ ಚಿತ್ರಕ್ಕೂ ಪ್ಲಾಟ್‌ಫಾರ್ಮ್ ಮೇಲಿನ ಬಿಲ್ಲೆಗೂ ಏನು ಸಂಬಂಧ? ಮೊದಲಿನಿಂದ ನೋಡೋಣ.

ಮೊದಲ ತುಂತುರೇ ಯಾಕೆ ತೊಂದರೆ?

ಇನ್ಸುಲೇಟರಿಗೆ ಜೋರು ಮಳೆಗಿಂತ ತುಂತುರು ಮಳೆಯೇ ಕಷ್ಟ. ಅಕ್ಟೋಬರ್ ಕಳೆದ ಮೇಲೆ ಮುಂಬೈಯಲ್ಲಿ ತಿಂಗಳುಗಟ್ಟಲೆ ಮಳೆ ಇಲ್ಲ. ಅಷ್ಟು ದಿನವೂ ಕಡಲ ಗಾಳಿಯ ಉಪ್ಪು, ಕಟ್ಟಡ ಕೆಲಸದ ಧೂಳು, ಹೊಗೆಯ ಮಸಿ ಬಿಲ್ಲೆಗಳ ಮೇಲೆ ಕೂರುತ್ತಲೇ ಇರುತ್ತವೆ. ಒಣಗಿದ್ದಾಗ ಈ ಕೊಳೆಯಿಂದ ಹೆಚ್ಚು ತೊಂದರೆಯಿಲ್ಲ. ಜೂನ್‌ನಲ್ಲಿ ಮೊದಲ ತುಂತುರು ಬಿದ್ದ ಕೂಡಲೇ ಉಪ್ಪು ಕರಗುತ್ತದೆ. ಉಪ್ಪುನೀರು ಕರೆಂಟಿಗೆ ಒಳ್ಳೆಯ ದಾರಿ. ಜೋರು ಮಳೆಯಾದರೆ ಕೊಳೆ ತೊಳೆದು ಹೋಗುತ್ತದೆ. ತುಂತುರು ಬರೀ ಒದ್ದೆ ಮಾಡಿ ಬಿಡುತ್ತದೆ.

ಆ ಒದ್ದೆ ಪದರದಲ್ಲಿ ಸ್ವಲ್ಪ ಕರೆಂಟ್ ಸೋರುತ್ತದೆ. ಸೋರಿದ ಕರೆಂಟಿನಿಂದ ಬಿಸಿ. ಬಿಸಿಯಿಂದ ಅಲ್ಲಲ್ಲಿ ನೀರು ಆರಿ ಒಣ ಪಟ್ಟಿಗಳಾಗುತ್ತವೆ. ಆಗ ಪೂರ್ತಿ ವೋಲ್ಟೇಜ್ ಆ ಸಣ್ಣ ಒಣ ಪಟ್ಟಿಯ ಮೇಲೆ ಬೀಳುತ್ತದೆ. ಅಲ್ಲಿ ಚಟಪಟ ಕಿಡಿ ಹಾರುತ್ತದೆ. ಕಿಡಿ ಹಾರುತ್ತಾ ಹಾರುತ್ತಾ ಬಿಲ್ಲೆಯ ಮೇಲ್ಮೈ ಸವೆಯುತ್ತದೆ, ಕೆಲವೊಮ್ಮೆ ಸುಟ್ಟು ಕರಿ ಗೆರೆ ಮೂಡುತ್ತದೆ. ಕಿಡಿಗಳೆಲ್ಲ ಕೂಡಿಕೊಂಡು ಈ ತುದಿಯಿಂದ ಆ ತುದಿಗೆ ಹಾರಿದರೆ ಲೈನ್ ಟ್ರಿಪ್.

ಇದನ್ನೆಲ್ಲ ತಡೆಯಲು ಸುಲಭದ ದಾರಿ ಒಂದೇ. ನೀರು ಪದರವಾಗಿ ಹರಡಲು ಬಿಡಬಾರದು. ಮಳೆಗಾಲದಲ್ಲಿ ಮಾಟುಂಗಾ ಮಾರ್ಕೆಟ್ಟಿನಿಂದ ಪತ್ರೊಡೆಗೆ ತಂದ ಕೆಸುವಿನ ಎಲೆಯ ಮೇಲೆ ನೀರು ಹಾಕಿ ನೋಡಿ. ಹನಿ ಗುಂಡಾಗಿ ಉರುಳಿ ಹೋಗುತ್ತದೆ, ಎಲೆ ಒದ್ದೆಯಾಗುವುದೇ ಇಲ್ಲ. ಅದಕ್ಕೆ ಎರಡು ಕಾರಣ. ಎಲೆಯ ಮೇಲೆ ಮೇಣದ ಪದರವಿದೆ, ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ. ಅಂದರೆ ವಸ್ತು ಯಾವುದು ಅನ್ನುವುದರ ಜೊತೆಗೆ ಅದರ ಮೇಲ್ಮೈಯ ಉಬ್ಬುತಗ್ಗೂ ಲೆಕ್ಕಕ್ಕೆ ಬರುತ್ತದೆ. ಮುಂದೆ ಬರುವ ಸೂಕ್ಷ್ಮದರ್ಶಕದ ಕಥೆಯೆಲ್ಲ ಇಲ್ಲಿಂದಲೇ ಶುರು.

ಸಿಲಿಕೋನ್ ರಬ್ಬರ್ ಕೆಸುವಿನ ಎಲೆಯಷ್ಟು ಜಾಣ ಅಲ್ಲ. ಆದರೂ ಪಿಂಗಾಣಿಗಿಂತ ಎಷ್ಟೋ ಮೇಲು. ನೀರಿನ ಹನಿ ಮೇಲ್ಮೈಯನ್ನು ಮುಟ್ಟುವ ಕೋನ 90 ಡಿಗ್ರಿಗಿಂತ ಹೆಚ್ಚಿದ್ದರೆ ಆ ಮೇಲ್ಮೈ ನೀರನ್ನು ದೂರ ಇಡುತ್ತದೆ ಅನ್ನುತ್ತಾರೆ. ಹೊಸ ಸಿಲಿಕೋನ್ ರಬ್ಬರಿನಲ್ಲಿ ಇದು ಸಾಮಾನ್ಯವಾಗಿ 100 ಡಿಗ್ರಿ ದಾಟಿರುತ್ತದೆ.

ಇದಕ್ಕೆ ಇನ್ನೊಂದು ಗುಣವಿದೆ. ನನಗೆ ಎಲ್ಲಕ್ಕಿಂತ ಸೋಜಿಗ ಅನ್ನಿಸುವುದು ಇದೇ. ರಬ್ಬರಿನೊಳಗೆ ಚಿಕ್ಕ ಚಿಕ್ಕ ಸಿಲಿಕೋನ್ ಅಣುಗಳು ಎಣ್ಣೆಯ ಹಾಗೆ ಉಳಿದಿರುತ್ತವೆ. ಅವು ನಿಧಾನಕ್ಕೆ ಹೊರಗೆ ಜಿನುಗುತ್ತವೆ. ಮೇಲೆ ಕೂತ ಧೂಳನ್ನೂ ಆವರಿಸುತ್ತವೆ. ಆಗ ಧೂಳು ಕೂಡ ನೀರನ್ನು ಹತ್ತಿರ ಸೇರಿಸುವುದಿಲ್ಲ. ಕಿಡಿಯಿಂದ ಮೇಲ್ಮೈ ತನ್ನ ಗುಣ ಕಳೆದುಕೊಂಡರೂ ಕೆಲವು ಗಂಟೆ ಅಥವಾ ದಿನಗಳಲ್ಲಿ ಬಹುಪಾಲು ಮತ್ತೆ ಬರುತ್ತದೆ. ಪಿಂಗಾಣಿಗೆ ಈ ಭಾಗ್ಯ ಇಲ್ಲ.

ರಬ್ಬರಿಗೆ ಪುಡಿ ಬೆರೆಸುವುದು

ಮೊದಲು ಮೂರು ಹೆಸರು ಬಿಡಿಸಿಕೊಳ್ಳೋಣ. ಸಿಲಿಕಾನ್ ಒಂದು ಮೂಲವಸ್ತು, ಕಂಪ್ಯೂಟರ್ ಚಿಪ್ಪಿನಲ್ಲಿರುವುದು ಅದೇ. ಸಿಲಿಕಾ ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ್ದು, ಮರಳಿನಲ್ಲಿ ಹೆಚ್ಚಿರುವುದು ಇದು. ಸಿಲಿಕೋನ್ ಅಂದರೆ ಸಿಲಿಕಾನ್, ಆಮ್ಲಜನಕ, ಸಿಲಿಕಾನ್, ಆಮ್ಲಜನಕ ಎಂದು ಉದ್ದಕ್ಕೆ ಸಾಗುವ ಸರಪಳಿ, ಅದರ ಇಕ್ಕೆಲಗಳಲ್ಲಿ ಮೀಥೈಲ್ ಎಂಬ ಇಂಗಾಲದ ಗುಂಪುಗಳು. ನೀರನ್ನು ದೂರ ತಳ್ಳುವುದು ಈ ಮೀಥೈಲ್‌ಗಳು. ಬಿಸಿಲಿಗೂ ಬಿಸಿಗೂ ಜಗ್ಗದಿರುವುದು ಆ ಸರಪಳಿ.

ಬರೀ ಸಿಲಿಕೋನ್ ರಬ್ಬರ್ ತುಂಬ ದುರ್ಬಲ. ಎಳೆದರೆ ಹರಿದೇ ಹೋಗುತ್ತದೆ. ಅದಕ್ಕೇ ಪುಡಿ ಬೆರೆಸುತ್ತಾರೆ. ಈ ಪುಡಿಗೆ ಫಿಲ್ಲರ್ ಎಂದು ಹೆಸರು. ಇನ್ಸುಲೇಟರಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಲ್ಯೂಮಿನಾ ಟ್ರೈಹೈಡ್ರೇಟ್, ಚಿಕ್ಕದಾಗಿ ಎಟಿಎಚ್. ಕಿಡಿಯ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಎಟಿಎಚ್ ತನ್ನೊಳಗಿನ ನೀರನ್ನು ಆವಿಯಾಗಿ ಬಿಡುತ್ತದೆ. ಅದರ ತೂಕದ ಮೂರನೇ ಒಂದು ಭಾಗದಷ್ಟು ನೀರೇ. ಹಾಗಾಗಿ ರಬ್ಬರ್ ತಣ್ಣಗಾಗುತ್ತದೆ. ಒಳ್ಳೆಯದೇ, ಆದರೆ ಇದನ್ನು ತುಂಬ ಹಾಕಬೇಕು. ಎಷ್ಟೋ ಸಲ ಒಟ್ಟು ತೂಕದ ಅರ್ಧದಷ್ಟು. ಆಗ ರಬ್ಬರ್ ಗಡುಸಾಗುತ್ತದೆ, ಅಚ್ಚಿಗೆ ಸುರಿಯುವುದೂ ಕಷ್ಟ.

ಇಲ್ಲಿ ನ್ಯಾನೊ ಬರುತ್ತದೆ. 1ರಿಂದ 100 ನ್ಯಾನೊಮೀಟರ್ ಅಳತೆಯ ಕಣಗಳಿಗೆ ನ್ಯಾನೊ ಕಣ ಅನ್ನುತ್ತಾರೆ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೊಮೀಟರ್. ಕಣ ಸಣ್ಣದಾದರೆ ಏನು ಲಾಭ? ಒಂದು ಲೆಕ್ಕ ಹಾಕೋಣ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಘನಕ್ಕೆ ಆರು ಮುಖ. ಒಟ್ಟು ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್. ಮುಂಬೈಯವರ ಲೆಕ್ಕದಲ್ಲಿ ಸುಮಾರು 6,450 ಚದರ ಅಡಿ, ಅದೂ ಪೂರ್ತಿ ಕಾರ್ಪೆಟ್ ಏರಿಯಾ! ಅಷ್ಟೂ ಜಾಗದಲ್ಲಿ ಕಣವೂ ರಬ್ಬರೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅದಕ್ಕೇ ತೂಕದಲ್ಲಿ ಶೇಕಡ ಐದೋ ಹತ್ತೋ ಹಾಕಿದರೂ ಪರಿಣಾಮ ಕಾಣಬಹುದು ಅನ್ನುವ ನಿರೀಕ್ಷೆ. ಹೀಗೆ ನ್ಯಾನೊ ಕಣ ಬೆರೆತ ರಬ್ಬರೇ ನ್ಯಾನೊಕಾಂಪೊಸಿಟ್.

ಇನ್ನೊಂದು ಮಾತು. ಫ್ಯೂಮ್ಡ್ ಸಿಲಿಕಾ ಎಂಬ ಹಗುರ ಬಿಳಿ ಪುಡಿಯನ್ನು ಸಿಲಿಕೋನ್ ರಬ್ಬರಿಗೆ ದಶಕಗಳಿಂದ ಬೆರೆಸುತ್ತಿದ್ದಾರೆ. ಅದರ ಮೂಲ ಕಣ ಹತ್ತಾರು ನ್ಯಾನೊಮೀಟರ್ ಮಾತ್ರ. ನ್ಯಾನೊ ಅನ್ನುವ ಲೇಬಲ್ ಹೊಸದು, ಕಣ ಹಳೆಯದು.

ಅಸಲಿ ತೊಂದರೆ ಬೇರೆ. ನ್ಯಾನೊ ಕಣಗಳಿಗೆ ರಬ್ಬರಿಗಿಂತ ಒಂದರ ಮೇಲೊಂದಕ್ಕೆ ಪ್ರೀತಿ ಜಾಸ್ತಿ. ಸಿಲಿಕಾ ಕಣಗಳ ಮೇಲ್ಮೈಯಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳು ಪರಸ್ಪರ ಹಿಡಿದುಕೊಂಡು ಗಂಟು ಕಟ್ಟುತ್ತವೆ. 20 ನ್ಯಾನೊಮೀಟರಿನ ಸಾವಿರಾರು ಕಣ ಸೇರಿ ಒಂದು ಮೈಕ್ರೊಮೀಟರಿನ, ಅಂದರೆ ಸಾವಿರ ನ್ಯಾನೊಮೀಟರಿನ ಗಂಟಾದರೆ ಲಾಭವೆಲ್ಲ ಹೋಯಿತು. ಆ ಗಂಟಿನ ಜಾಗದಿಂದಲೇ ರಬ್ಬರ್ ಸೀಳಲೂಬಹುದು. ಗಂಟು ಬಿಡಿಸಲು ಕಣಗಳಿಗೆ ಸಿಲೇನ್ ಎಂಬ ರಾಸಾಯನಿಕ ಹಚ್ಚುತ್ತಾರೆ, ಎರಡು ರೋಲರುಗಳ ನಡುವೆ ಮತ್ತೆ ಮತ್ತೆ ಅರೆಯುತ್ತಾರೆ. ಇಷ್ಟಾದರೂ ಗಂಟು ಬಿಟ್ಟಿತೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಪೊಟ್ಟಣದ ಮೇಲೆ ‘20 ನ್ಯಾನೊಮೀಟರ್’ ಎಂದು ಬರೆದಿದ್ದರೆ ಅದು ಪೊಟ್ಟಣದ ಪುಡಿಯ ಮಾತು. ರಬ್ಬರಿನೊಳಗೆ ಏನಾಗಿದೆ ಅಂತ ನೋಡಿಯೇ ಹೇಳಬೇಕು.

ಕಾಲೇಜಿನ ಮೈಕ್ರೊಸ್ಕೋಪ್ ಸಾಲದು

ನಾವು ಕಾಲೇಜಿನಲ್ಲಿ ಈರುಳ್ಳಿ ಸಿಪ್ಪೆ ನೋಡಿದ ಮೈಕ್ರೊಸ್ಕೋಪು ಬೆಳಕಿನಿಂದ ಕೆಲಸ ಮಾಡುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 400ರಿಂದ 700 ನ್ಯಾನೊಮೀಟರ್. ಅಲೆಯ ಅರ್ಧಕ್ಕಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಅದು ಬೇರೆ ಬೇರೆ ಮಾಡಿ ತೋರಿಸಲಾರದು. ಜರ್ಮನಿಯ ಅರ್ನ್ಸ್ಟ್ ಅಬೆ ಈ ಮಿತಿಯನ್ನು 1873ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅಂದರೆ ಸುಮಾರು 200 ನ್ಯಾನೊಮೀಟರಿಗಿಂತ ಸಣ್ಣದು ಕಾಣುವುದಿಲ್ಲ, ಲೆನ್ಸ್ ಎಷ್ಟೇ ದುಬಾರಿಯದಿರಲಿ. ದೊಡ್ಡ ಗಂಟು, ದೊಡ್ಡ ಬಿರುಕು, ಸವೆದ ಗುಂಡಿ ನೋಡಲು ಇದು ಸಾಕು. ಒಂದೊಂದೇ ನ್ಯಾನೊ ಕಣ ನೋಡಲು ಬೇರೆ ದಾರಿ ಬೇಕು.

ಸೆಮ್: ಎಲೆಕ್ಟ್ರಾನಿನಿಂದ ನೋಡುವುದು

ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಬಳಸಿದರೆ ಅಲೆಯ ಉದ್ದ ಎಷ್ಟೋ ಪಟ್ಟು ಕಡಿಮೆಯಾಗುತ್ತದೆ. ಮ್ಯಾಕ್ಸ್ ನೋಲ್ ಮತ್ತು ಅರ್ನ್ಸ್ಟ್ ರುಸ್ಕ ಬರ್ಲಿನ್‌ನಲ್ಲಿ 1931ರಲ್ಲಿ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮಾಡಿದರು. ಈಗ ಲ್ಯಾಬುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೊಸ್ಕೋಪ್. ಎಲ್ಲರೂ ಕರೆಯುವುದು ಸೆಮ್ ಅಂತ. ಸೂಜಿಯಷ್ಟು ಸಣ್ಣ ಎಲೆಕ್ಟ್ರಾನ್ ಕಿರಣ ಸ್ಯಾಂಪಲ್ಲಿನ ಮೇಲೆ ಸಾಲು ಸಾಲಾಗಿ ಓಡುತ್ತದೆ. ಅದು ಬಡಿದ ಕಡೆಯಿಂದ ಹೊರಬರುವ ಎಲೆಕ್ಟ್ರಾನುಗಳನ್ನು ಎಣಿಸಿ ಚಿತ್ರ ಕಟ್ಟುತ್ತಾರೆ. ಉಬ್ಬು, ಅಂಚು ಬೆಳ್ಳಗೆ ಕಾಣುತ್ತವೆ, ತಗ್ಗು ಕಪ್ಪಗೆ. ಪವಾಯಿಯ ಐಐಟಿಯಲ್ಲಿರುವ ಸೈಫ್ ಕೇಂದ್ರದಂಥ ಕಡೆ ಹೊರಗಿನವರೂ ಶುಲ್ಕ ಕೊಟ್ಟು ಸ್ಯಾಂಪಲ್ ಪರೀಕ್ಷೆ ಮಾಡಿಸಬಹುದು.

ಸಿಲಿಕೋನ್ ರಬ್ಬರನ್ನು ಸೆಮ್‌ನಲ್ಲಿ ನೋಡುವಾಗ ಒಂದು ತಮಾಷೆ ಇದೆ. ಇದು ಕರೆಂಟ್ ಹರಿಯಲು ಬಿಡದ ವಸ್ತು. ಅದಕ್ಕೇ ಅಲ್ವಾ ಇನ್ಸುಲೇಟರ್ ಮಾಡಿದ್ದು? ಆದರೆ ಸೆಮ್‌ಗೆ ಅದೇ ತಲೆನೋವು. ಬಂದ ಎಲೆಕ್ಟ್ರಾನುಗಳಿಗೆ ಹರಿದು ಹೋಗಲು ದಾರಿಯಿಲ್ಲದೆ ಅಲ್ಲೇ ತುಂಬಿಕೊಳ್ಳುತ್ತವೆ. ಚಿತ್ರ ಬೆಳ್ಳಗಾಗಿ ಅಲುಗುತ್ತದೆ. ಇದಕ್ಕೆ ಚಾರ್ಜಿಂಗ್ ಅನ್ನುತ್ತಾರೆ. ಪರಿಹಾರವಾಗಿ ಸ್ಯಾಂಪಲ್ಲಿನ ಮೇಲೆ ಕೆಲವು ನ್ಯಾನೊಮೀಟರ್ ದಪ್ಪದ ಚಿನ್ನ ಅಥವಾ ಪ್ಲಾಟಿನಂ ಪದರ ಕೂರಿಸುತ್ತಾರೆ. ಇಲ್ಲಿ ಹುಷಾರಾಗಿರಬೇಕು. ತುಂಬ ದೊಡ್ಡದು ಮಾಡಿ ನೋಡಿದಾಗ ಚಿನ್ನದ ಪದರವೇ ಹರಳು ಹರಳಾಗಿ ಕಾಣುತ್ತದೆ. ‘ನೋಡಿ, ನ್ಯಾನೊ ಕಣ ಎಷ್ಟು ಚೆನ್ನಾಗಿ ಹರಡಿದೆ’ ಎಂದು ತೋರಿಸಿದ್ದು ಚಿನ್ನದ ಹರಳೇ ಆಗಿರಬಹುದು! ಕಡಿಮೆ ವೋಲ್ಟೇಜಿನಲ್ಲಿ, ಲೇಪನವಿಲ್ಲದೆಯೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕಣಗಳು ಒಳಗೆ ಹೇಗೆ ಹರಡಿವೆ ಎಂದು ನೋಡಬೇಕಾದರೆ ರಬ್ಬರನ್ನು ಮುರಿಯಬೇಕು. ಬ್ಲೇಡಿನಿಂದ ಕತ್ತರಿಸಿದರೆ ಮೆತ್ತನೆಯ ರಬ್ಬರ್ ಸವರಿಕೊಂಡು ಹೋಗಿ ಗುರುತೆಲ್ಲ ಅಳಿಸುತ್ತದೆ. ಅದಕ್ಕೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದುತ್ತಾರೆ. ಸಿಲಿಕೋನ್ ರಬ್ಬರ್ ಸುಮಾರು ಮೈನಸ್ 120 ಡಿಗ್ರಿಯವರೆಗೂ ಮೆತ್ತಗೆ ಇರಬಲ್ಲದು. ಅದಕ್ಕಿಂತ ಕೆಳಗೆ ಗಾಜಿನ ಹಾಗೆ ಪಟ್ಟನೆ ಮುರಿಯುತ್ತದೆ. ಹಾಗೆ ಮುರಿದ ಮುಖವನ್ನು ನೋಡುತ್ತಾರೆ. ಆದರೆ ಇದು ಒಳಗಿನ ಮುಖ. ಮಳೆ ಬಿಸಿಲು ಕಂಡ ಹೊರಮೈಯ ಚಿತ್ರ ಬೇರೆ, ಮುರಿದ ಮುಖದ ಚಿತ್ರ ಬೇರೆ. ವರದಿಗಳಲ್ಲಿ ಎರಡನ್ನೂ ‘ಮೇಲ್ಮೈ’ ಅಂತ ಬರೆದು ಗೊಂದಲ ಮಾಡುವವರಿದ್ದಾರೆ.

ಸೆಮ್ ಜೊತೆಗೆ ಇಡಿಎಸ್ ಎಂಬ ಜೋಡಣೆ ಇರುತ್ತದೆ. ಎಲೆಕ್ಟ್ರಾನ್ ಬಡಿದಾಗ ಹೊರಬರುವ ಎಕ್ಸ್‌ರೇ ಅಳೆದು ಅಲ್ಲಿ ಯಾವ ಮೂಲವಸ್ತು ಇದೆ ಎಂದು ಅದು ಹೇಳುತ್ತದೆ. ಎಟಿಎಚ್ ಇದ್ದರೆ ಅಲ್ಯೂಮಿನಿಯಂ ಸಿಗುತ್ತದೆ, ಗುರುತು ಸುಲಭ. ಸಿಲಿಕಾ ಆದರೆ ಪೇಚು. ರಬ್ಬರಿನಲ್ಲೂ ಸಿಲಿಕಾನ್, ಆಮ್ಲಜನಕ. ಕಣದಲ್ಲೂ ಅವೇ. ಜೊತೆಗೆ ಆ ಎಕ್ಸ್‌ರೇ ಸುಮಾರು ಒಂದು ಮೈಕ್ರೊಮೀಟರ್ ಆಳದಿಂದಲೂ ಬರುತ್ತದೆ. 20 ನ್ಯಾನೊಮೀಟರಿನ ಒಂಟಿ ಕಣವನ್ನು ಅದರಿಂದ ಹುಡುಕಲು ಆಗದು, ದೊಡ್ಡ ಗಂಟು ಮಾತ್ರ ಸಿಗುತ್ತದೆ.

ಎಎಫ್‌ಎಂ: ಮುಟ್ಟಿ ನೋಡುವುದು

1986ರಲ್ಲಿ ಗರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್, ಕ್ರಿಸ್ಟಾಫ್ ಗರ್ಬರ್ ಸೇರಿ ಅಟಾಮಿಕ್ ಫೋರ್ಸ್ ಮೈಕ್ರೊಸ್ಕೋಪ್ ಮಾಡಿದರು. ಅದೇ ವರ್ಷ ಬಿನ್ನಿಗ್ ಅವರಿಗೆ ತಮ್ಮ ಹಿಂದಿನ ಒಂದು ಸೂಕ್ಷ್ಮದರ್ಶಕಕ್ಕಾಗಿ ನೊಬೆಲ್ ಬಂತು. ಅದನ್ನು ಹಂಚಿಕೊಂಡವರಲ್ಲಿ ರುಸ್ಕ ಕೂಡ ಒಬ್ಬರು. ಅವರ 1931ರ ಕೆಲಸಕ್ಕೆ ಅರ್ಧ ಶತಮಾನ ದಾಟಿದ ಮೇಲೆ!

ಎಎಫ್‌ಎಂನಲ್ಲಿ ಮೇಲ್ಮೈಯನ್ನು ನೋಡುವುದು ಬೆಳಕಿನಿಂದಲೂ ಅಲ್ಲ, ಎಲೆಕ್ಟ್ರಾನ್ ಕಿರಣದಿಂದಲೂ ಅಲ್ಲ. ತುದಿ ಸುಮಾರು 10 ನ್ಯಾನೊಮೀಟರ್ ಇರುವ ಒಂದು ಮೊನೆ, ಬಾಗುವ ಸಣ್ಣ ಪಟ್ಟಿಯ ಕೊನೆಯಲ್ಲಿ ಇರುತ್ತದೆ. ಅದು ಮೇಲ್ಮೈಯನ್ನು ತಡವುತ್ತಾ ಹೋಗುತ್ತದೆ. ಪಟ್ಟಿ ಎಷ್ಟು ಬಾಗಿತು ಎಂಬುದನ್ನು ಅದರ ಬೆನ್ನಿಗೆ ಬಿಟ್ಟ ಲೇಸರ್ ಹೇಳುತ್ತದೆ. ರಬ್ಬರ್ ಮೆತ್ತಗಿರುವುದರಿಂದ ಮೊನೆಯನ್ನು ಎಳೆದುಕೊಂಡು ಹೋದರೆ ಗೀರು ಬೀಳುತ್ತದೆ. ಅದಕ್ಕೇ ಮೊನೆಯನ್ನು ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ಸಲ ಅಲುಗಿಸುತ್ತಾ ಮೆಲ್ಲಗೆ ತಟ್ಟಿಸುತ್ತಾರೆ. ಇದು ಟ್ಯಾಪಿಂಗ್ ಮೋಡ್.

ಇದರಿಂದ ಸಿಗುವ ಚಿತ್ರಗಳು ಎರಡು. ಮೊದಲನೆಯದು ಎತ್ತರದ ನಕ್ಷೆ. ಎಲ್ಲಿ ಎಷ್ಟು ನ್ಯಾನೊಮೀಟರ್ ಉಬ್ಬಿದೆ ಎಂಬ ಅಳತೆಯೇ ಸಿಗುತ್ತದೆ. ಸೆಮ್ ಚಿತ್ರದಿಂದ ಈ ಅಳತೆ ನೇರವಾಗಿ ಸಿಗುವುದಿಲ್ಲ. ಎರಡನೆಯದು ಫೇಸ್ ಚಿತ್ರ. ತಟ್ಟಿದಾಗ ಗಡುಸು ಕಣವೂ ಮೆತ್ತನೆ ರಬ್ಬರೂ ಬೇರೆ ಬೇರೆ ಥರ ಪ್ರತಿಕ್ರಿಯಿಸುತ್ತವೆ. ಹಾಗಾಗಿ ಇಡಿಎಸ್‌ಗೆ ಸಿಗದ ಸಿಲಿಕಾ ಕಣವನ್ನೂ ಗಡಸುತನದ ಮೇಲೆ ಗುರುತಿಸಬಹುದು. ಚಿತ್ರದಲ್ಲಿ ಕಾಣುವ ಕಂದು, ಹಳದಿ ಬಣ್ಣ ಕಂಪ್ಯೂಟರ್ ಹಚ್ಚಿದ್ದು, ರಬ್ಬರಿನದಲ್ಲ.

ಎಎಫ್‌ಎಂ ಕೊಡುವ ಸಂಖ್ಯೆಗಳಲ್ಲಿ ಒರಟುತನವೇ ಹೆಸರುವಾಸಿ. ‘ನಮ್ಮ ಸ್ಯಾಂಪಲ್ಲಿನ ಒರಟುತನ ಇಷ್ಟು ನ್ಯಾನೊಮೀಟರ್’ ಎಂದು ಒಂದೇ ಅಂಕಿ ಕೊಟ್ಟರೆ ನಂಬುವ ಮೊದಲು ಎಷ್ಟು ಅಗಲದ ಜಾಗ ನೋಡಿದ್ದು ಎಂದು ಕೇಳಿ. 1 ಮೈಕ್ರೊಮೀಟರ್ ಜಾಗದಲ್ಲಿ ಬಂದ ಅಂಕಿ 50 ಮೈಕ್ರೊಮೀಟರ್ ಜಾಗದಲ್ಲಿ ಬರುವುದಿಲ್ಲ. ದೊಡ್ಡ ಜಾಗದಲ್ಲಿ ದೊಡ್ಡ ಏರಿಳಿತ ಸೇರಿಕೊಳ್ಳುತ್ತದೆ. ಕಿಡಿಯಿಂದ ಸುಟ್ಟು ಗುಂಡಿ ಬಿದ್ದ ರಬ್ಬರಿಗೆ ಎಎಫ್‌ಎಂ ನಡೆಯುವುದೇ ಇಲ್ಲ. ಮೊನೆ ಏರಿ ಇಳಿಯುವ ಮಿತಿ ಕೆಲವು ಮೈಕ್ರೊಮೀಟರ್ ಮಾತ್ರ. ಅಲ್ಲಿ ಸೆಮ್ಮೇ ಗತಿ.

ಮೂರನೆಯದು ಟೆಮ್, ಅಂದರೆ ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೊಸ್ಕೋಪ್. ರಬ್ಬರನ್ನು ಹೆಪ್ಪುಗಟ್ಟಿಸಿ 100 ನ್ಯಾನೊಮೀಟರಿನ ಆಸುಪಾಸಿನ ಹಾಳೆಯಾಗಿ ಕೊಯ್ದು, ಅದರ ಮೂಲಕ ಎಲೆಕ್ಟ್ರಾನ್ ಹಾಯಿಸುತ್ತಾರೆ. ಒಂದೊಂದು ಕಣವೂ ಸ್ಪಷ್ಟ. ಕೊಯ್ಯುವ ಕೆಲಸ ಮಾತ್ರ ತಾಳ್ಮೆ ಬೇಡುತ್ತದೆ.

ವಯಸ್ಸಾದ ರಬ್ಬರಿನ ಮೇಲೆ ಏನು ಕಾಣುತ್ತದೆ?

ಹೊಸ ಸ್ಯಾಂಪಲ್ ಸಾಮಾನ್ಯವಾಗಿ ನುಣುಪಾಗಿರುತ್ತದೆ. ಕಣಗಳೆಲ್ಲ ರಬ್ಬರಿನ ತೆಳು ಪದರದ ಕೆಳಗೆ ಮುಚ್ಚಿಕೊಂಡಿರುತ್ತವೆ. ಲ್ಯಾಬಿನಲ್ಲಿ ಬೇಗ ವಯಸ್ಸಾಗಿಸಲು ಒಂದು ಪರೀಕ್ಷೆ ಇದೆ. ರಬ್ಬರ್ ಹಲಗೆಯನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಅದರ ಕೆಳಮುಖದ ಮೇಲೆ ಉಪ್ಪಿನಂಥ ಅಮೋನಿಯಂ ಕ್ಲೋರೈಡ್ ದ್ರಾವಣ ಹರಿಸುತ್ತಾ, 4,500 ವೋಲ್ಟ್‌ನಂಥ ಒತ್ತಡವನ್ನು 6 ಗಂಟೆ ಕೊಡುತ್ತಾರೆ. ಐಇಸಿ 60587 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆ ಇದು. ಒಂದು ಲೆಕ್ಕದಲ್ಲಿ ಜೂನ್‌ನ ತುಂತುರನ್ನೇ ಲ್ಯಾಬಿಗೆ ತಂದ ಹಾಗೆ.

ಆಮೇಲೆ ಸೆಮ್‌ನಲ್ಲಿ ನೋಡಿದರೆ ಬೇರೆ ಲೋಕ. ಮೇಲಿನ ರಬ್ಬರ್ ಹೋಗಿ ಫಿಲ್ಲರ್ ಕಣ ಬತ್ತಲಾಗಿರುತ್ತದೆ. ಬಿಲ್ಲೆಯನ್ನು ಬೆರಳಿನಿಂದ ಉಜ್ಜಿದರೆ ಬಿಳಿ ಪುಡಿ ಹತ್ತುವುದು ಇದರಿಂದಲೇ. ಸುಟ್ಟ ಜಾಗ ತೂತು ತೂತಾಗಿರುತ್ತದೆ. ಕಿಡಿ ಮತ್ತು ಕೊರೋನಾ ವಿಸರ್ಜನೆ (ಹೆಚ್ಚು ವೋಲ್ಟೇಜಿನಿಂದ ಸುತ್ತಲಿನ ಗಾಳಿಯಲ್ಲಿ ಆಗುವ ಸಣ್ಣ ವಿದ್ಯುತ್ ಸೋರಿಕೆ) ಮೀಥೈಲ್ ಗುಂಪುಗಳನ್ನು ಕಿತ್ತುಹಾಕಿದ ಕಡೆ ಗಾಜಿನಂಥ ಸಿಲಿಕಾ ಪದರ ಬೆಳೆಯುತ್ತದೆ. ಕೆಳಗಿನ ರಬ್ಬರ್ ಬಾಗಿದಾಗ ಈ ಗಡುಸು ಪದರ ಬಾಗಲಾರದೆ ಬಿರುಕು ಬಿಡುತ್ತದೆ. ಬಿರುಕು ಕೆಟ್ಟದ್ದು ಅನ್ನಿಸುತ್ತದೆ. ಆದರೆ ಅದೇ ಸಂದಿಯಿಂದ ಒಳಗಿನ ಎಣ್ಣೆಯಂಥ ಸಿಲಿಕೋನ್ ಮೇಲೆ ಬಂದು, ನೀರು ತಳ್ಳುವ ಗುಣ ಮರಳುವುದೂ ಉಂಟು. ಬಿರುಕು ಕಂಡ ಕೂಡಲೇ ರಬ್ಬರ್ ಕೆಟ್ಟಿತು ಎಂದು ತೀರ್ಪು ಕೊಡುವ ಹಾಗಿಲ್ಲ.

ನ್ಯಾನೊ ಕಣ ಚೆನ್ನಾಗಿ ಹರಡಿದ ಸ್ಯಾಂಪಲ್ಲುಗಳಲ್ಲಿ ಸವೆತದ ಗುಂಡಿ ಆಳಕ್ಕೆ ಇಳಿಯುವುದು ಕಡಿಮೆಯಾಗಬಹುದು. ಸುಟ್ಟ ಮೇಲೆ ಉಳಿದ ಸಿಲಿಕಾ ಒಟ್ಟಾಗಿ ನಿಂತು ಕೆಳಗಿನ ರಬ್ಬರಿಗೆ ಬಿಸಿ ತಟ್ಟದಂತೆ ನೋಡಿಕೊಳ್ಳುತ್ತದೆ. ಗಂಟು ಕಟ್ಟಿದ ಸ್ಯಾಂಪಲ್ಲಿನಲ್ಲಿ ಆ ರಕ್ಷಣೆ ಹರಕು ಮುರುಕು.

ಚಿತ್ರ ಹೇಳದ ಸಂಗತಿ

ಸೆಮ್ ಆಗಲಿ ಎಎಫ್‌ಎಂ ಆಗಲಿ ಆಕಾರ ತೋರಿಸುತ್ತವೆ. ಮೀಥೈಲ್ ಎಷ್ಟು ಉಳಿದಿದೆ ಎಂದು ಹೇಳಲು ಎಫ್‌ಟಿಐಆರ್ ಎಂಬ ಇನ್‌ಫ್ರಾರೆಡ್ ಪರೀಕ್ಷೆ ಬೇಕು. ನೀರು ನಿಲ್ಲುತ್ತದೋ ಉರುಳುತ್ತದೋ ನೋಡಲು ಹನಿ ಹಾಕಿ ಕೋನವನ್ನೇ ಅಳೆಯಬೇಕು. ಇನ್ನೊಂದು ಸಂಗತಿ ಅಳತೆಯದು. 10 ಮೈಕ್ರೊಮೀಟರ್ ಅಗಲದ ಒಂದು ಚಿತ್ರ ಅಂಗೈಯಗಲದ ಬಿಲ್ಲೆಯಲ್ಲಿ ಎಷ್ಟು ಭಾಗ? ಲೆಕ್ಕಕ್ಕೇ ಇಲ್ಲ. ಚಂದದ ಒಂದು ಜಾಗ ಆರಿಸಿ ತೋರಿಸುವುದು ಸುಲಭ. ಬೇರೆ ಬೇರೆ ಜಾಗದ ಹತ್ತಾರು ಚಿತ್ರ ತೆಗೆದು, ಗಂಟುಗಳ ಗಾತ್ರ ಅಳೆದು ಪಟ್ಟಿ ಮಾಡಿದವರ ಮಾತಿಗೆ ಬೆಲೆ ಜಾಸ್ತಿ.

ಕಂಬದಿಂದ ಇಳಿಸಿದ ಇನ್ಸುಲೇಟರಿನಲ್ಲಿ ತುಂಡು ಎಲ್ಲಿಂದ ಕತ್ತರಿಸಿದರು ಎಂಬುದೂ ಮುಖ್ಯ. ಬಿಲ್ಲೆಯ ಮೇಲ್ಮುಖಕ್ಕೆ ಬಿಸಿಲು, ಮಳೆ ಎರಡೂ ಜಾಸ್ತಿ. ಕೆಳಮುಖವನ್ನು ಮಳೆ ಅಷ್ಟಾಗಿ ತೊಳೆಯುವುದಿಲ್ಲ. ತಂತಿಯ ಕಡೆಯ ತುದಿಯಲ್ಲಿ ವಿದ್ಯುತ್ತಿನ ಒತ್ತಡ ಹೆಚ್ಚು. ಈ ಮೂರು ಜಾಗದ ಚಿತ್ರಗಳೂ ಒಂದರಂತೆ ಒಂದು ಇರುವುದಿಲ್ಲ. ಇವುಗಳ ಪಕ್ಕದಲ್ಲಿ ಇಡಲು ಅದೇ ಬ್ಯಾಚಿನ, ಬಳಸದೆ ಕಪಾಟಿನಲ್ಲಿಟ್ಟ ಒಂದು ತುಂಡು ಬೇಕೇ ಬೇಕು. ಯಾಕೆಂದರೆ ಹೊಸ ರಬ್ಬರಿನ ಮೇಲೂ ಕೆಲವೊಮ್ಮೆ ಅಚ್ಚಿನ ಗೀರುಗಳು ಮೂಡಿರಬಹುದು. ಸೆಮ್‌ನಲ್ಲಿ ಅವು ಕಡಲ ಗಾಳಿಗೆ ಬಿದ್ದ ಬಿರುಕಿನಂತೆ ಕಾಣಬಹುದು.